ಆಲ್ದೂರಿನಲ್ಲಿ ಇಳಿದುಹೋದ ಪ್ರಶ್ನೆ

ಇಂದು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಪಿಯುಸಿ ಹುಡುಗಿ, "ಅಕ್ಕಾ, ಬೆಂಗಳೂರಿಗೆ ಹೋಗದೆ ಮುಂದೆ ಬರಲು ಸಾಧ್ಯವೇ?" ಎಂದು ಕೇಳಿದಳು. ಅಷ್ಟರಲ್ಲಿ ಆಲ್ದೂರು ಬಂತು, ಅವಳು ಇಳಿದುಬಿಟ್ಟಳು. ಉತ್ತರ ನನ್ನಲ್ಲೇ ಉಳಿಯಿತು.

ಬಿ.ಎಸ್‌ಸಿ. ಎರಡನೇ ವರ್ಷದ ರಜೆಯಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳ ಬಾಗಿಲಿಗೆ ಹೋಗಿ, ಕೆಲಸ ಕಲಿಸುತ್ತೀರಾ ಎಂದು ಕೇಳಿದ್ದೆ. ಯಾರೂ ಕರೆದಿರಲಿಲ್ಲ. ಎರಡು ಕಡೆ ಗೇಟಿನಿಂದಲೇ ಕಳುಹಿಸಿದರು. ಮೂರನೆಯ ಕಡೆ ಹಿರಿಯರೊಬ್ಬರು ಒಳಗೆ ಕರೆದರು. ಬೀಜದ ತೇವಾಂಶ ಅಳೆಯುವುದನ್ನು ಕಲಿತೆ. ಜರಡಿಯಲ್ಲಿ ಎಎ, ಎ, ಬಿ ಎಂದು ಗಾತ್ರಗಳು ಬೇರೆಯಾಗುವುದನ್ನು ಕಂಡೆ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದರೆ ಅದು ದುಂಡಗಾಗಿ ಪೀಬೆರಿ ಆಗುತ್ತದೆ ಎಂಬುದು ತೋಟದ ನಡುವೆಯೇ ಬೆಳೆದ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ! ಸಸ್ಯಶಾಸ್ತ್ರದ ಪಾಠಕ್ಕೆ ಅಂದು ಕಾಫಿಯ ಪರಿಮಳ ಬಂತು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಎಸ್.795 ಎಂಬ ಕಾಫಿ ತಳಿ ರೂಪುಗೊಂಡದ್ದು ಅಲ್ಲಿಯೇ. ಅದು ನಮ್ಮದೇ ಜಿಲ್ಲೆಯಲ್ಲಿದ್ದರೂ ನನ್ನ ಸಹಪಾಠಿಗಳಲ್ಲಿ ಅದನ್ನು ನೋಡಿದವರು ಬೆರಳೆಣಿಕೆಯಷ್ಟು ಮಂದಿ. ನನಗೆ ನಿಜವಾಗಿ ನೋವಾಗುವುದು ಇಲ್ಲಿ. ಊರಲ್ಲೇ ಕುಳಿತು ಕಲಿಯುವ ದಾರಿಯೂ ಇದೆ: ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಮೊಬೈಲ್ ಸಿಗ್ನಲ್ ಸಿಗುವ ದಿಬ್ಬದ ಮೇಲೆ ಕುಳಿತು ನಾನು ಒಂದು ಕೋರ್ಸ್ ಮುಗಿಸಿದ್ದೇನೆ.

ನಾಳೆಯೂ ಅದೇ ಬಸ್ಸು ಹಿಡಿಯುತ್ತೇನೆ. ಅವಳಿಗಾಗಿ ಕಿಟಕಿಯ ಪಕ್ಕದ ಸೀಟು ಹಿಡಿದಿಡಬೇಕು.