ಅಮ್ಮ ಬರುವ ಬಸ್ಸು

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಾವು ನಾಲ್ವರು ಗಂಡಸರು ಕುಳಿತು ಅರ್ಧ ಗಂಟೆಯ ಕಾಲ ಆಲೂಗಡ್ಡೆಯ ವಿಚಾರ ಮಾತನಾಡಿದೆವು. ಸೋನೆ ಮಳೆ ಬಿಟ್ಟು ಬಿಟ್ಟು ಹನಿಯುತ್ತಿತ್ತು. ಹೀಗೆಯೇ ಮೋಡ ಕವಿದಿದ್ದರೆ ಬೆಳೆಗೆ ಅಂಗಮಾರಿ ರೋಗ ಬರುವುದು ಖಂಡಿತ ಎಂದು ನಮ್ಮಲ್ಲಿ ರೈತರಾಗಿದ್ದವರು ಹೇಳಿದರು, ಉಳಿದವರು ತಲೆಯಾಡಿಸಿದೆವು. ನಾವು ಅಲ್ಲಿ ಸೇರಿದ್ದದ್ದು ಮಕ್ಕಳ ಬಗ್ಗೆ ಮಾತನಾಡಲು. ನಾಲ್ವರೂ ಹೆಂಡತಿಯಿಲ್ಲದೆ ಮಕ್ಕಳನ್ನು ಸಾಕುತ್ತಿದ್ದವರು ಅಥವಾ ಸಾಕಿ ದೊಡ್ಡವರನ್ನಾಗಿ ಮಾಡಿದವರು. ಆದರೆ ಆ ಮಾತನ್ನು ಮೊದಲು ಎತ್ತುವುದು ಯಾರಿಂದಲೂ ಆಗಲಿಲ್ಲ.

ನಾವು ಒಟ್ಟಾದದ್ದು ಒಂದು ನೋವಿನ ದಿನದಿಂದ. ನನ್ನ ಹೆಂಡತಿ ತೀರಿಕೊಂಡು ಆಗ ಹದಿನಾಲ್ಕು ತಿಂಗಳಾಗಿತ್ತು. ಮಗಳು ಐದನೆಯ ತರಗತಿಯಲ್ಲಿದ್ದಳು, ಮಗನಿಗೆ ನಾಲ್ಕು ವರ್ಷ ತುಂಬಿತ್ತು. ಮಗಳ ತರಗತಿಯ ತಾಯಂದಿರು ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿನಲ್ಲಿ ಹೆಂಡತಿಯ ನಂಬರು ಇತ್ತು. ಶಾಲೆಯ ಸೂಚನೆಗಳೆಲ್ಲ ಮೊದಲು ಬರುತ್ತಿದ್ದದ್ದು ಅಲ್ಲಿಗೇ. ಹೆಂಗಸರೇ ಇರುವ ಗುಂಪಿಗೆ ನನ್ನನ್ನು ಸೇರಿಸಿಕೊಳ್ಳಲು ಅವರಿಗೂ ಸಂಕೋಚ, ಸೇರಿಸಿ ಎಂದು ಕೇಳಲು ನನಗೂ ಸಂಕೋಚ. ಹೀಗಾಗಿ ಮಕ್ಕಳೆಲ್ಲ ಬಣ್ಣದ ಬಟ್ಟೆ ತೊಟ್ಟು ಬರಬೇಕಿದ್ದ ಒಂದು ಹಬ್ಬದ ದಿನ ನನ್ನ ಮಗಳು ಸಮವಸ್ತ್ರದಲ್ಲಿಯೇ ಹೋದಳು. ಸಂಜೆ ಕರೆತರಲು ಹೋದಾಗ ಗೇಟಿನ ಬಳಿ ಸಮವಸ್ತ್ರದಲ್ಲಿದ್ದ ಇನ್ನೊಬ್ಬಳೇ ಹುಡುಗಿಯ ಕೈ ಹಿಡಿದುಕೊಂಡು ನಿಂತಿದ್ದಳು. ಆ ಹುಡುಗಿಯ ತಂದೆ ಬಸ್ ಕಂಡಕ್ಟರ್. ವಿಚ್ಛೇದನವಾದ ಮೇಲೆ ಮಗಳು ಅವರ ಬಳಿಯೇ ಇದ್ದಳು. ಅವರ ರೂಟಿನಲ್ಲಿ ದಿನವೂ ಬರುತ್ತಿದ್ದ ರೈತರೊಬ್ಬರು ಹೆಂಡತಿಯನ್ನು ಕಳೆದುಕೊಂಡು ಎರಡು ವರ್ಷದ ಕೂಸನ್ನು ಸಾಕುತ್ತಿದ್ದರು. ಆ ರೈತರಿಗೆ ಪಾಠ ಹೇಳಿದ್ದ ನಿವೃತ್ತ ಮೇಷ್ಟ್ರು ಮೂವತ್ತು ವರ್ಷಗಳ ಹಿಂದೆ ಮೂವರು ಮಕ್ಕಳನ್ನು ಒಬ್ಬರೇ ಬೆಳೆಸಿದವರು. ಒಬ್ಬರಿಂದ ಒಬ್ಬರಿಗೆ ಮಾತು ಹೋಗಿ, ಒಂದು ಭಾನುವಾರ ಪಾರ್ಕಿನಲ್ಲಿ ಕೂರೋಣವೆಂದು ನಿಶ್ಚಯವಾಯಿತು. ಅದಕ್ಕೆ ನಾವು ಹೆಸರನ್ನೇನೂ ಇಡಲಿಲ್ಲ.

ಅಂದು ಕಂಡಕ್ಟರ್ ರಾತ್ರಿ ಪಾಳಿ ಮುಗಿಸಿ ಖಾಕಿ ಬಟ್ಟೆಯಲ್ಲಿಯೇ ಬಂದಿದ್ದರು. ಮಕ್ಕಳು ಆಡುತ್ತಿದ್ದರು. ನನ್ನ ಮಗ ಆಟ ಬಿಟ್ಟು ಬಂದು, ಅವರ ಅಂಗಿಯನ್ನು ಸ್ವಲ್ಪ ಹೊತ್ತು ನೋಡಿ, "ಮಾಮ, ನೀವು ಬಸ್ಸಲ್ಲಿ ಇರ್ತೀರಾ?" ಎಂದ. ಅವರು ಹೌದೆಂದರು. "ನಮ್ಮಮ್ಮ ಊರಿಂದ ನಿಮ್ಮ ಬಸ್ಸಲ್ಲಿ ಬರ್ತಾಳಾ?" ಎಂದು ಕೇಳಿದ.

ಅಮ್ಮ ಊರಿಗೆ ಹೋಗಿದ್ದಾಳೆ ಎಂದು ಅವನಿಗೆ ಹೇಳಿದವನು ನಾನೇ. ತೀರಿಕೊಂಡ ವಾರ ಮನೆಯ ತುಂಬ ನೆಂಟರಿದ್ದರು, ಎಲ್ಲರೂ ಅದನ್ನೇ ಹೇಳಿದರು, ಆಗ ಅದು ಕರುಣೆಯ ಮಾತೆಂದೇ ನನಗೂ ತೋರಿತ್ತು. ಆಮೇಲೆ ಬಸ್ ನಿಲ್ದಾಣದ ಮುಂದೆ ಹಾದುಹೋದಾಗಲೆಲ್ಲ ಅವನು ಸ್ಕೂಟರಿನ ಮೇಲಿಂದ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದ. ಅದೇಕೆಂದು ನನಗೆ ಹೊಳೆದದ್ದು ಅಂದು ಆ ಪ್ರಶ್ನೆ ಕೇಳಿದ ಮೇಲೆಯೇ.

ಕಂಡಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಮಗುವಿನ ಕೆನ್ನೆ ಸವರಿ, "ಅಕ್ಕ ಕರೀತಾ ಇದಾಳೆ ನೋಡು ಮಗಾ" ಎಂದು ಕಳುಹಿಸಿದರು. ಅವನು ದೂರ ಹೋದ ಮೇಲೆ ಮೇಷ್ಟ್ರು ನಿಧಾನವಾಗಿ ಹೇಳಿದರು: "ನಾನೂ ನನ್ನ ಕಿರಿಯವನಿಗೆ ಹಾಗೇ ಹೇಳಿದ್ದೆ. ಅವನಿಗೆ ನಿಜ ಗೊತ್ತಾಗಿದ್ದು ಶಾಲೇಲಿ, ಬೇರೆ ಹುಡುಗರ ಬಾಯಿಂದ. ಇಷ್ಟು ವರ್ಷ ಆದರೂ ಆ ಮಾತು ಅವನ ಮನಸ್ಸಲ್ಲಿದೆ." ರೈತರು ತಮ್ಮ ಕೂಸು ರಾತ್ರಿ ಎದ್ದು ಅತ್ತಾಗ ತಾವೂ ಅದನ್ನು ಎದೆಗವಚಿಕೊಂಡು ಅಳುವುದಾಗಿ ಹೇಳಿದರು. ಕಂಡಕ್ಟರ್, ತಮ್ಮ ಮಗಳ ತಾಯಿ ಬದುಕಿದ್ದರೂ ನೋಡಲು ಬರುವುದಿಲ್ಲವೆಂದೂ, ಅದಕ್ಕೆ ಏನು ಕಾರಣ ಹೇಳಬೇಕೆಂದು ತಮಗೆ ತಿಳಿಯದೆಂದೂ ಹೇಳಿದರು. ಅದುವರೆಗೆ ನನ್ನ ಬಂಧುಗಳಲ್ಲಿ ಎಲ್ಲರೂ ಮರುಮದುವೆಯ ವಿಚಾರ ತೆಗೆದಿದ್ದರು. ಮಗುವಿಗೆ ಏನು ಹೇಳಿದ್ದೀಯ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಮೇಷ್ಟ್ರು ಜೇಬಿನಿಂದ ಚೀಟಿಯೊಂದನ್ನು ತೆಗೆದು 14416 ಎಂದು ಬರೆದುಕೊಟ್ಟರು. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಆಧಾರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಹುಚ್ಚು ಹಿಡಿದವರಿಗೆ ಮಾತ್ರ ಇಂಥದ್ದೆಲ್ಲ ಎಂದು ನಾನು ಅದುವರೆಗೆ ತಿಳಿದಿದ್ದೆ. ಹಾಗೆ ತಿಳಿದು ಕಳೆದ ತಿಂಗಳುಗಳ ಬಗ್ಗೆ ಈಗ ನನಗೆ ಬಹಳ ದುಃಖವಿದೆ.

ಮಾತು ಒಮ್ಮೆ ಹರಿಯತೊಡಗಿದ ಮೇಲೆ ನಿಲ್ಲಲಿಲ್ಲ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಮಗನಿಗೆ ಜ್ವರ ಬಂದಾಗಲೆಲ್ಲ ನನ್ನ ಗಳಿಕೆ ರಜೆ ಕರಗುತ್ತಿತ್ತು. ಶಿಶುಪಾಲನಾ ರಜೆ ಹೆಂಗಸರಿಗೆ ಮಾತ್ರವೆಂದು ಕಚೇರಿಯಲ್ಲಿ ಒಮ್ಮೆ ಹೇಳಿದ್ದರು, ನಾನು ಅದನ್ನೇ ನಂಬಿ ಸುಮ್ಮನಾಗಿದ್ದೆ. ಮೇಷ್ಟ್ರ ಅಳಿಯನೂ ಕೇಂದ್ರ ನೌಕರರು, ಅವರಿಂದ ವಿಷಯ ತಿಳಿಯಿತು. ಕೇಂದ್ರ ನೌಕರರ ರಜೆ ನಿಯಮಗಳಲ್ಲಿ 43-ಸಿ ನಿಯಮಕ್ಕೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅವಿವಾಹಿತ, ವಿಧುರ ಅಥವಾ ವಿಚ್ಛೇದಿತ ಪುರುಷ ನೌಕರರಿಗೂ ಈ ರಜೆ ಸಿಗುತ್ತದೆ. ಮಗುವಿಗೆ 18 ವರ್ಷವಾಗುವವರೆಗೆ, ಇಡೀ ಸೇವಾವಧಿಯಲ್ಲಿ 730 ದಿನ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಮುಂದಿನ 365 ದಿನಕ್ಕೆ ಶೇಕಡ 80. ಒಮ್ಮೆಗೆ 5 ದಿನಕ್ಕೆ ಕಡಿಮೆಯಿಲ್ಲದಂತೆ, ವರ್ಷಕ್ಕೆ ಮೂರು ಬಾರಿ ತೆಗೆದುಕೊಳ್ಳಬಹುದು. ನನಗೆ ಸಂತೋಷವಾಯಿತಾದರೂ ಪಕ್ಕದಲ್ಲಿ ಕುಳಿತಿದ್ದ ಇಬ್ಬರ ಮುಖ ನೋಡಿ ಅದನ್ನು ಹೊರಗೆ ತೋರಿಸಲಾಗಲಿಲ್ಲ. ಕಂಡಕ್ಟರಿಗೆ ಈ ನಿಯಮ ಅನ್ವಯಿಸುವುದಿಲ್ಲ, ಹೊಲಕ್ಕೆ ಹೋಗುವವನಿಗೆ ರಜೆಯೆಂಬುದೇ ಇಲ್ಲ.

ರೈತರ ಕೂಸಿಗೆ ಒಂದು ದಾರಿಯಾಗಿತ್ತು. ಹಗಲು ಹೊತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಯ ಕೂಸಿನ ಮನೆಯನ್ನು ರೂಪಿಸಿರುವುದು ದುಡಿಯುವ ಹಳ್ಳಿಯ ಹೆಂಗಸರ ಮಕ್ಕಳಿಗಾಗಿ. ಇವರು ಪಂಚಾಯಿತಿಗೆ ಹೋಗಿ, ತಾಯಿಯಿಲ್ಲದ ಮಗುವಿಗೆ ಜಾಗವಿಲ್ಲವೇ ಎಂದು ಕೇಳಿದಾಗ ಸೇರಿಸಿಕೊಂಡರಂತೆ. ಮಗುವಿನ ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡನ್ನು ಹಿಡಿದು ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತಾಗ ಪ್ರತಿ ಬಾರಿಯೂ "ತಾಯಿ ಎಲ್ಲಿ?" ಎಂದು ಕೇಳುತ್ತಾರೆಂದು ಅವರು ಹೇಳಿದಾಗ ನಾವೆಲ್ಲ ಸುಮ್ಮನಾದೆವು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ತಂದೆಯನ್ನೇ ಮೊದಲ ಸಹಜ ಪಾಲಕನೆಂದು ಹೇಳುತ್ತದೆ. ಮಗುವಿನ ಆಸ್ತಿಗೆ ಸಹಿ ಹಾಕುವಾಗ ಆ ಮಾತು ಉಪಯೋಗಕ್ಕೆ ಬರುತ್ತದೆ, ಆದರೆ ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ತಂದೆಯನ್ನು ಸಹಜವಾಗಿ ಕಾಣುವ ಕಣ್ಣು ಇನ್ನೂ ನಮ್ಮಲ್ಲಿ ಬೆಳೆದಿಲ್ಲ. ತಾಯಂದಿರ ಹೆಸರಿನ ಈ ವ್ಯವಸ್ಥೆಗಳ ಬಗ್ಗೆ ನನ್ನ ದೂರಿಲ್ಲ, ಹೆಚ್ಚಿನ ಮಕ್ಕಳನ್ನು ಸಾಕುತ್ತಿರುವವರು ಅವರೇ. ಬಾಗಿಲಲ್ಲಿ ನಿಂತು ಕೇಳುವ ಧೈರ್ಯ ತಂದೆಗೂ ಬರಬೇಕು, ಕೇಳಿದವನನ್ನು ಒಳಗೆ ಕರೆಯುವ ಒಬ್ಬರು ಅಲ್ಲಿರಬೇಕು.

ಹೆಣ್ಣುಮಕ್ಕಳ ವಿಚಾರವೂ ಬಂತು. ನಮ್ಮಿಬ್ಬರ ಮಕ್ಕಳಿಗೂ ಹತ್ತು ವರ್ಷ, ದೊಡ್ಡವಳಾಗುವ ಕಾಲ ದೂರವಿರಲಿಲ್ಲ. ಮೇಷ್ಟ್ರು ತಮ್ಮ ಕಾಲದಲ್ಲಿ ಪಕ್ಕದ ಮನೆಯ ಅಮ್ಮನವರ ಕೈಗೆ ಮಗಳನ್ನು ಒಪ್ಪಿಸಿ ತಾವು ಹೊರಗೆ ಹೋಗಿಬಿಟ್ಟದ್ದನ್ನು ಹೇಳಿ, "ನೀವು ಹಾಗೆ ಮಾಡಬೇಡಿ, ಮೊದಲೇ ಕೂತು ಹೇಳಿ" ಎಂದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್ಕಿಗೆ ಇಬ್ಬರನ್ನೂ ಒಟ್ಟಿಗೇ ಕರೆದುಕೊಂಡು ಹೋಗುವುದೆಂದು ನಾನೂ ಕಂಡಕ್ಟರೂ ಅಲ್ಲಿಯೇ ಮಾತಾಡಿಕೊಂಡೆವು.

ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಹಿತ್ತಲಿಗೆ ಹೋಗಿ 14416ಕ್ಕೆ ಕರೆ ಮಾಡಿದೆ. ಮಾತನಾಡಿದ ಹೆಣ್ಣುಮಗಳು ಮೊದಲು ಮಗುವಿನ ವಯಸ್ಸು ಕೇಳಿದರು. ನಾಲ್ಕು ವರ್ಷದ ಮಗುವಿಗೆ ಸಾವು ಎಂದೆಂದಿಗೂ ಎಂಬುದು ಒಮ್ಮೆಗೇ ಅರ್ಥವಾಗುವುದಿಲ್ಲ, ಹೇಳಿದ ಮೇಲೂ ಮತ್ತೆ ಮತ್ತೆ ಕೇಳುತ್ತಾನೆ ಎಂದರು. ಊರಿಗೆ ಹೋಗಿದ್ದಾಳೆ ಎಂದರೆ ಕಾಯುತ್ತಾನೆ, ತನ್ನನ್ನು ಬಿಟ್ಟುಹೋದಳೆಂದುಕೊಳ್ಳುತ್ತಾನೆ; ಮಲಗಿದ್ದಾಳೆ ಎಂದರೆ ನಿದ್ದೆಗೇ ಹೆದರಬಹುದು. ಸತ್ತುಹೋದಳು ಎಂಬ ಮಾತನ್ನೇ ಹೇಳಿ, ಅವಳ ದೇಹ ಕೆಲಸ ಮಾಡುವುದು ನಿಂತಿತು, ಅವಳು ಮತ್ತೆ ಬರಲಾರಳು, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ, ನಿನ್ನನ್ನು ನೋಡಿಕೊಳ್ಳಲು ನಾನಿದ್ದೇನೆ ಎನ್ನಿ, ಹಗಲು ಹೊತ್ತಿನಲ್ಲಿ ಹೇಳಿ, ಹೇಳುವಾಗ ನಿಮಗೆ ಅಳು ಬಂದರೆ ಬರಲಿ ಎಂದರು. ಅವರು ಫೋನಿಡುವ ಮೊದಲು ನನ್ನ ನಿದ್ದೆ, ಊಟ ಹೇಗಿದೆಯೆಂದೂ ಕೇಳಿದರು. ಉತ್ತರ ಹೇಳುವುದು ನನಗೆ ಕಷ್ಟವಾಯಿತು.

ನಿಯಮದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ಕೊಟ್ಟ ಮೇಲೆ ಐದು ದಿನದ ರಜೆ ಮಂಜೂರಾಯಿತು. ಮೂರನೆಯ ದಿನ ಬೆಳಿಗ್ಗೆ, ಸ್ನಾನವಾದ ಮೇಲೆ, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಅವನು ಕೇಳಿಸಿಕೊಂಡು, "ನಾಳಿದ್ದು?" ಎಂದ. ಇಲ್ಲ ಎಂದೆ. "ಅಕ್ಕಂಗೆ ಗೊತ್ತಾ?" ಎಂದು ಕೇಳಿ ಅವಳಿದ್ದಲ್ಲಿಗೆ ಓಡಿದ. ಅವಳು ಅವನನ್ನು ತಬ್ಬಿಕೊಂಡು ಅತ್ತಳು. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ಇನ್ಮೇಲೆ ನಾನು ಅವನಿಗೆ ಸುಳ್ಳು ಹೇಳಬೇಕಾಗಿಲ್ವಲ್ಲಪ್ಪಾ?" ಎಂದಳು. ಹದಿನಾಲ್ಕು ತಿಂಗಳು ಅವನು ದಿನವೂ ಅವಳನ್ನು ಕೇಳುತ್ತಿದ್ದನಂತೆ, ನನ್ನ ಮಾತನ್ನು ಉಳಿಸಲು ಅವಳು ದಿನವೂ ಊರಿನ ಕತೆ ಕಟ್ಟುತ್ತಿದ್ದಳಂತೆ. ನಾನು ಅವಳ ಕ್ಷಮೆ ಕೇಳಿದೆ.

ಮುಂದಿನ ಭಾನುವಾರ ಪಾರ್ಕಿನಲ್ಲಿ ಮಗ ತಾನಾಗಿಯೇ ಕಂಡಕ್ಟರ ಬಳಿ ಹೋಗಿ, "ನಮ್ಮಮ್ಮ ಸತ್ತುಹೋಗಿದಾಳೆ, ಬಸ್ಸಲ್ಲಿ ಬರಲ್ಲ" ಎಂದ. "ಹೌದು ಮಗಾ" ಎಂದು ಅವರು ಅವನನ್ನು ಎತ್ತಿಕೊಂಡರು. ಅದರ ಮರುವಾರ ಅವನು, ಅಮ್ಮ ಯಾವ ಬಸ್ಸಲ್ಲಿ ಬರ್ತಾಳೆ ಎಂದು ಮತ್ತೆ ಅವರನ್ನು ಕೇಳಿದ. ಅವರು ನನ್ನ ಕಡೆ ನೋಡಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ, ನಾನು ಹೇಳಿದ್ದ ಮಾತುಗಳನ್ನೇ ಅದೇ ಕ್ರಮದಲ್ಲಿ ನಿಧಾನವಾಗಿ ಹೇಳಿದರು.