ಎಲ್‌ಡಿಎಲ್ ನಾರ್ಮಲ್ ಇದೆ, ಸಿಗರೇಟು ಸೇದಿದರೆ ಏನು ತೊಂದರೆ?

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ, ರಿಪೋರ್ಟ್ ಮುಂದಿಟ್ಟು ತುಂಬ ಜನ ಕೇಳುವ ಪ್ರಶ್ನೆ ಇದು: "ಎಲ್‌ಡಿಎಲ್ 98 ಇದೆ, ಎಲ್ಲ ನಾರ್ಮಲ್. ದಿನಕ್ಕೆ ನಾಲ್ಕೇ ಸಿಗರೇಟು ಸೇದೋದು. ಏನಾಗುತ್ತೆ?"

ಆ 98 ಎಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ ಎಲ್‌ಡಿಎಲ್ ಕಣಗಳು ಹೊತ್ತಿರುವ ಕೊಲೆಸ್ಟ್ರಾಲಿನ ("ಕೆಟ್ಟ ಕೊಲೆಸ್ಟ್ರಾಲ್" ಎನ್ನುವುದು ಇದನ್ನೇ) ತೂಕ, ಮಿಲಿಗ್ರಾಂ ಲೆಕ್ಕದಲ್ಲಿ. ಕಣ ಕೆಟ್ಟಿದೆಯೋ ಚೆನ್ನಾಗಿದೆಯೋ ಅದರಿಂದ ತಿಳಿಯುವುದಿಲ್ಲ. ಹೊಗೆಯ ಒಂದು ದೊಡ್ಡ ಹಾನಿ ಇರುವುದು ಕಣ ಕೆಡುವುದರಲ್ಲಿ.

ಎಲ್‌ಡಿಎಲ್ ಕಣ 20–25 ನ್ಯಾನೊಮೀಟರ್ ಅಗಲದ ಕೊಬ್ಬಿನ ಉಂಡೆ. ಮೇಲೆ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಪದರ, ಅದನ್ನು ಸುತ್ತಿದ ಒಂದೇ ಒಂದು ಅಪೊ-ಬಿ ಪ್ರೋಟೀನ್, ಕಾವಲಿಗೆ ಬೆರಳೆಣಿಕೆಯಷ್ಟು ವಿಟಮಿನ್ ಇ ಅಣುಗಳು. ಹಳೆಯ ಶೇಂಗಾ ಎಣ್ಣೆ ಕಮಟು ಹಿಡಿಯುತ್ತದಲ್ಲ, ಈ ಕೊಬ್ಬೂ ಹಾಗೆಯೇ ಕೆಡುತ್ತದೆ. ಒಂದು ದಮ್ಮಿನ ಹೊಗೆಯಲ್ಲಿ 1ರ ಮುಂದೆ 15 ಸೊನ್ನೆ ಹಾಕಿದಷ್ಟು ಫ್ರೀ ರಾಡಿಕಲ್‌ಗಳು, ಅಂದರೆ ಸಿಕ್ಕಿದ್ದನ್ನು ಕೆಡಿಸುವ ಚುರುಕು ಅಣುಗಳು, ಇರುತ್ತವೆ. ಅವು ರಕ್ತದಲ್ಲಿ ಕಾವಲಿಗಿರುವ ವಿಟಮಿನ್ ಸಿ ಖರ್ಚು ಮಾಡಿ, ರಕ್ತನಾಳದ ಒಳಪದರಕ್ಕೆ ಉರಿಯೂತ ತರುತ್ತವೆ. ಅಲ್ಲಿ ನುಸುಳಿ ಸಿಕ್ಕಿಕೊಂಡ ಎಲ್‌ಡಿಎಲ್ ಆಕ್ಸಿಡೈಸ್ ಆಗಿ, ಅಂದರೆ ಕಮಟು ಎಣ್ಣೆಯಂತೆ ಕೆಟ್ಟು, ಅಪೊ-ಬಿ ಗುರುತು ಸಿಗದಷ್ಟು ಬದಲಾಗುತ್ತದೆ. ಸಾಮಾನ್ಯ ಜೀವಕೋಶ ತನಗೆ ಬೇಕಾದಷ್ಟು ಎಲ್‌ಡಿಎಲ್ ತೆಗೆದುಕೊಂಡ ಮೇಲೆ ಬಾಗಿಲು ಹಾಕಿಕೊಳ್ಳುತ್ತದೆ. ಕೆಟ್ಟ ಕಣವನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಕ್ಕೆ ಅಂಥ ಕಡಿವಾಣವಿಲ್ಲ. ನುಂಗುತ್ತಲೇ ಹೋಗಿ ಕೊಬ್ಬು ತುಂಬಿದ ನೊರೆಕೋಶವಾಗುತ್ತದೆ. ರಕ್ತನಾಳದ ಗಡ್ಡೆ, ಅಂದರೆ ಪ್ಲಾಕ್, ಶುರುವಾಗುವುದು ಇದರಿಂದ.

ಇದನ್ನು ತಡೆಯಬೇಕಾದ ಎಚ್‌ಡಿಎಲ್ ("ಒಳ್ಳೆಯ ಕೊಲೆಸ್ಟ್ರಾಲ್") ಸೇದುವವರಲ್ಲಿ ಕಡಿಮೆ. ಅದರ ಜೊತೆಗಿದ್ದು ಕೊಬ್ಬು ಕೆಡದಂತೆ ಕಾಯುವ ಪ್ಯಾರಾಕ್ಸೊನೇಸ್ ಕಿಣ್ವವೂ ಮಂಕಾಗಿರುತ್ತದೆ. ಬಿಟ್ಟ ಮೇಲೆ ಎಚ್‌ಡಿಎಲ್ ತುಸು ಏರುತ್ತದೆ. ಎಲ್‌ಡಿಎಲ್ ಅಂಕಿ ಅಷ್ಟೇ ಇರಬಹುದು. ಅದನ್ನು ನೋಡಿ "ಬಿಟ್ಟರೂ ಪ್ರಯೋಜನವಾಗಲಿಲ್ಲ" ಅಂದುಕೊಳ್ಳಬೇಡಿ.

ಹಾಗಾದರೆ ವಿಟಮಿನ್ ಮಾತ್ರೆ ನುಂಗಿದರೆ ಸಾಲದೇ? ಸಾಲದು. ಫಿನ್‌ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು) ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಆಯಿತು. "ನಾಲ್ಕೇ" ಎಂಬ ಸಮಾಧಾನವೂ ಬೇಡ: ದಿನಕ್ಕೆ 20 ಸೇದುವವರಿಗೆ ಹೆಚ್ಚುವ ಹೃದಯದ ಅಪಾಯದ ಅರ್ಧದಷ್ಟು, ದಿನಕ್ಕೆ ಒಂದೇ ಸೇದಿದರೂ ಬರುತ್ತದೆ. ಬೀಡಿ ಸೇದುವವರೂ ಇದರಿಂದ ಹೊರತಲ್ಲ.

ಬಿಡಲು ನಿಕೋಟಿನ್ ಗಮ್ ಬಳಸುವವರು ಹೆಚ್ಚಾಗಿ ತಪ್ಪುವುದು ಜಗಿಯುವುದರಲ್ಲಿ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನಿಸುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. ಯಾವುದೆಂದು ವೈದ್ಯರನ್ನು ಕೇಳಿಕೊಳ್ಳಿ. ನಿಧಾನವಾಗಿ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಬಿಡಿ. ಚುರುಕು ಇಳಿದರೆ ಮತ್ತೆ ಜಗಿಯಿರಿ, ಹೀಗೆ ಅರ್ಧ ಗಂಟೆ. ಬಬಲ್‌ಗಮ್ಮಿನಂತೆ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಕಾಫಿ ಕುಡಿದ ಹದಿನೈದು ನಿಮಿಷದೊಳಗೆ ಹಾಕಿಕೊಂಡರೆ ಬಾಯಿಯ ಹುಳಿಗೆ ಅದು ಸರಿಯಾಗಿ ಹೀರಿಕೆ ಆಗುವುದಿಲ್ಲ. ಮಾತಾಡಿ ಸಲಹೆ ಪಡೆಯಬೇಕೆಂದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಕರೆ ಉಚಿತ.