ಅಮ್ಮನ ಹೆಸರಿನ ಖಾತೆ, ಮಗನ ಬೆಟ್ಟಿಂಗ್

2023ರ ಮೇ 8, ಸೋಮವಾರ. ಅಮೆರಿಕದ ಐಯೋವಾ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಒಂದೇ ದಿನ ಹೇಳಿಕೆ ಕೊಟ್ಟವು. ಐಯೋವಾ ವಿಶ್ವವಿದ್ಯಾಲಯದ 26 ಆಟಗಾರರು ಮತ್ತು ಐಯೋವಾ ಸ್ಟೇಟ್‌ನ ಸುಮಾರು 15 ಆಟಗಾರರು ಕ್ರೀಡಾ ಬೆಟ್ಟಿಂಗ್ ತನಿಖೆಗೆ ಸಿಕ್ಕಿದ್ದರು. ಅಮೆರಿಕನ್ ಫುಟ್‌ಬಾಲ್, ಕುಸ್ತಿ, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್ ಎಲ್ಲ ತಂಡದವರೂ ಆ ಪಟ್ಟಿಯಲ್ಲಿದ್ದರು. ಆಗಸ್ಟ್ 1ರಂದು ಮೊದಲ ದೂರುಗಳು ನ್ಯಾಯಾಲಯ ತಲುಪಿದವು. ಫುಟ್‌ಬಾಲ್ ಋತು ಶುರುವಾಗಲು ಒಂದು ತಿಂಗಳು ಉಳಿದಿತ್ತು, ಐಯೋವಾ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರನ ಹೆಸರೇ ಅದರಲ್ಲಿತ್ತು.

ಸುದ್ದಿ ಓದಿದ ಬಹಳಷ್ಟು ಜನ ಮ್ಯಾಚ್ ಫಿಕ್ಸಿಂಗ್ ಎಂದುಕೊಂಡರು. ದೂರುಗಳಲ್ಲಿ ಆ ಆರೋಪ ಇರಲೇ ಇಲ್ಲ. ಐಯೋವಾದಲ್ಲಿ ಬೆಟ್ಟಿಂಗ್ ಕೂಡ ಅಪರಾಧವಲ್ಲ. 2018ರ ಮೇ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ 1992ರ ಕ್ರೀಡಾ ಬೆಟ್ಟಿಂಗ್ ನಿಷೇಧ ಕಾಯ್ದೆಯನ್ನು ಹೊಡೆದುಹಾಕಿದ ಮೇಲೆ ಒಂದೊಂದೇ ರಾಜ್ಯ ಬಾಗಿಲು ತೆರೆಯಿತು, ಐಯೋವಾ ತೆರೆದದ್ದು 2019ರಲ್ಲಿ. ವಯಸ್ಸು ಮಾತ್ರ 21 ತುಂಬಿರಬೇಕು. ಕಾಲೇಜು ಹುಡುಗರಲ್ಲಿ ಬಹಳಷ್ಟು ಮಂದಿ ಆ ಗೆರೆಯ ಈಚೆಗೇ ಇರುತ್ತಾರೆ. ಹಾಗಾಗಿ ಅಮ್ಮನದೋ ಅಪ್ಪನದೋ ಗೆಳತಿಯದೋ ಹೆಸರಿನಲ್ಲಿ ಖಾತೆ ತೆರೆದು, ಅದನ್ನು ತಮ್ಮ ಫೋನಿನಲ್ಲಿ ಓಡಿಸುತ್ತಾರೆ. ಅಲ್ಲಿ ಕಾನೂನು ಹಿಡಿದದ್ದು ಇದನ್ನೇ. ಖಾತೆಗೆ ಕೊಟ್ಟ ಹೆಸರು ಒಬ್ಬರದು, ಹಣ ಕಟ್ಟಿದ ಕೈ ಇನ್ನೊಬ್ಬರದು ಎಂದಾದರೆ ದಾಖಲೆ ತಿರುಚಿದಂತೆ ಎಂಬುದು ಸರ್ಕಾರಿ ವಕೀಲರ ವಾದ. ಆ ಆರೋಪಕ್ಕೆ ಎರಡು ವರ್ಷದವರೆಗೆ ಜೈಲು ಇದೆ. ವಯಸ್ಸಾಗದೆ ಜೂಜಾಡಿದ್ದಕ್ಕೆ ಇರುವುದು ಕೇವಲ 645 ಡಾಲರ್ ದಂಡ. ಅಂದರೆ ಸಣ್ಣ ತಪ್ಪನ್ನು ಮುಚ್ಚಲು ಹುಡುಗರು ಮಾಡಿದ್ದೇ ದೊಡ್ಡ ಆರೋಪವಾಯಿತು.

ಇದು ಹೇಗೆ ಗೊತ್ತಾಗುತ್ತದೆ ಎಂದು ಪೋಷಕರು ಕೇಳುತ್ತಾರೆ. ಕಾನೂನುಬದ್ಧ ಬೆಟ್ಟಿಂಗ್ ಆ್ಯಪ್ ತೆರೆಯುವಾಗ ಹೆಸರು, ಹುಟ್ಟಿದ ದಿನ, ವಿಳಾಸ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ (ಅಮೆರಿಕದ ಸರ್ಕಾರಿ ಗುರುತಿನ ಸಂಖ್ಯೆ) ಕೊನೆಯ ನಾಲ್ಕು ಅಂಕಿ ಕೇಳುತ್ತದೆ. ಬ್ಯಾಂಕ್ ಖಾತೆಯನ್ನೋ ಕಾರ್ಡನ್ನೋ ಜೋಡಿಸಬೇಕು. ಬೆಟ್ಟಿಂಗ್ ಒಂದು ರಾಜ್ಯದಲ್ಲಿ ಸರಿ, ಪಕ್ಕದ ರಾಜ್ಯದಲ್ಲಿ ತಪ್ಪು ಆಗಿರಬಹುದಾದ್ದರಿಂದ ಹಣ ಕಟ್ಟುವ ಮುನ್ನ ಫೋನ್ ಎಲ್ಲಿದೆ ಎಂದು ಪರೀಕ್ಷೆ ನಡೆಯುತ್ತದೆ. ಜಿಪಿಎಸ್, ವೈಫೈ, ಮೊಬೈಲ್ ಟವರ್, ಫೋನಿನ ಗುರುತು ಎಲ್ಲ ಸೇರಿಸಿ ಆ ಉತ್ತರ ಸಿದ್ಧವಾಗುತ್ತದೆ, ದಾಖಲಾಗಿ ಉಳಿಯುತ್ತದೆ. ಖಾತೆದಾರಳಾದ ತಾಯಿ ಇನ್ನೊಂದು ಊರಿನಲ್ಲಿ, ಆದರೆ ಬೆಟ್ಟು ಬಿದ್ದಿರುವುದು ರಾತ್ರಿ ಹನ್ನೊಂದಕ್ಕೆ ಆಟಗಾರರ ಹಾಸ್ಟೆಲ್ಲಿನಿಂದ, ಇಷ್ಟು ಸಾಕು. ಬೀದಿಯ ಬುಕ್ಕಿಯ ಹತ್ತಿರ ಚೀಟಿ ಹರಿದರೆ ಮುಗಿಯಿತು. ಆ್ಯಪ್‌ನಲ್ಲಿ ಎರಡು ವರ್ಷದ ಹಿಂದಿನ ಐದು ಡಾಲರ್ ಬೆಟ್ಟು ಕೂಡ ಗಂಟೆ, ನಿಮಿಷ ಸಮೇತ ಹೊರಗೆ ಬರುತ್ತದೆ.

ಆ ಕ್ವಾರ್ಟರ್‌ಬ್ಯಾಕ್‌ನ ಮೇಲಿನ ದೂರಿನ ಅಂಕಿಗಳನ್ನೇ ನೋಡಿ: 366 ಬೆಟ್ಟು, ಒಟ್ಟು ಸುಮಾರು 2,799 ಡಾಲರ್. ಭಾಗಿಸಿದರೆ ಒಂದಕ್ಕೆ ಎಂಟು ಡಾಲರಿಗಿಂತ ಕಡಿಮೆ, ಒಂದು ಊಟದ ದುಡ್ಡು. ಅದರಲ್ಲಿ 26 ಬೆಟ್ಟು ತನ್ನ ವಿಶ್ವವಿದ್ಯಾಲಯದ ತಂಡಗಳ ಮೇಲೆ, ಒಂದು 2021ರಲ್ಲಿ ತಾನೇ ಬದಲಿ ಆಟಗಾರನಾಗಿದ್ದ ಫುಟ್‌ಬಾಲ್ ಪಂದ್ಯದ ಮೇಲೆ ಎಂದು ದೂರು ಹೇಳಿತು. 365 ಬೆಟ್ಟಿಗೆ ಒಂದು ಬಗೆಯ ಉತ್ತರ ಇರಬಹುದು. ಸ್ವಂತ ತಂಡದ ಮೇಲಿನ ಆ ಒಂದಕ್ಕೆ ಉತ್ತರವಿಲ್ಲ, ಗೆಲ್ಲಲಿ ಎಂದೇ ಕಟ್ಟಿದ್ದರೂ ಇಲ್ಲ.

ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಗೆ ತನ್ನದೇ ನಿಯಮವಿದೆ, ರಾಜ್ಯದ ಕಾನೂನು ಏನೇ ಹೇಳಲಿ ಅದು ಅನ್ವಯಿಸುತ್ತದೆ. ಎನ್‌ಸಿಎಎ ಚಾಂಪಿಯನ್‌ಷಿಪ್ ನಡೆಸುವ ಯಾವ ಕ್ರೀಡೆಯ ಮೇಲೂ, ಕಾಲೇಜು ಮಟ್ಟವಿರಲಿ ವೃತ್ತಿಪರ ಮಟ್ಟವಿರಲಿ, ಆಟಗಾರ ಹಣ ಕಟ್ಟುವಂತಿಲ್ಲ. ಈಜುವ ಹುಡುಗಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಂದ್ಯದ ಮೇಲೆ ಹತ್ತು ಡಾಲರ್ ಕಟ್ಟಿದರೂ ಅದು ಉಲ್ಲಂಘನೆ. ಪ್ರವೇಶ ಶುಲ್ಕ ಕಟ್ಟಿ ಬಹುಮಾನ ಗೆಲ್ಲುವ ಫ್ಯಾಂಟಸಿ ಲೀಗ್, ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಗೆಳೆಯರೆಲ್ಲ ಐದೈದು ಡಾಲರ್ ಹಾಕಿ ಮಾಡುವ ಊಹೆಯ ಪಟ್ಟಿ ಕೂಡ ಇದರೊಳಗೇ ಬರುತ್ತವೆ. 2025ರ ಅಕ್ಟೋಬರ್‌ನಲ್ಲಿ ವೃತ್ತಿಪರ ಕ್ರೀಡೆಗಳ ಮೇಲಿನ ನಿಷೇಧ ಎತ್ತುವ ತೀರ್ಮಾನವಾಯಿತು, ಮರುತಿಂಗಳೇ ಸದಸ್ಯ ವಿಶ್ವವಿದ್ಯಾಲಯಗಳು ಮತ ಹಾಕಿ ಅದನ್ನು ರದ್ದು ಮಾಡಿದವು. ಅರ್ಧ ಸುದ್ದಿ ಕೇಳಿ 'ಈಗ ಪರವಾಗಿಲ್ಲವಂತೆ' ಎಂದು ಹೇಳುವ ಸಹಪಾಠಿಗಳು ಹಾಸ್ಟೆಲ್ಲಿನಲ್ಲಿ ಸಿಗುತ್ತಾರೆ, ನಂಬಬೇಡಿ.

ಶಿಕ್ಷೆಗೆ 2023ರ ಜೂನ್‌ನಲ್ಲಿ ಎನ್‌ಸಿಎಎ ಒಂದು ಮೆಟ್ಟಿಲು ಕಟ್ಟಿತು. ವೃತ್ತಿಪರ ಕ್ರೀಡೆಯಂಥ ಹೊರಗಿನ ಪಂದ್ಯಗಳ ಮೇಲೆ ಕಟ್ಟಿದ ಒಟ್ಟು ಮೊತ್ತ 200 ಡಾಲರ್ ಒಳಗಿದ್ದರೆ ನಿಯಮದ ತರಗತಿ ಮಾತ್ರ. 201ರಿಂದ 500ರವರೆಗೆ ಋತುವಿನ ಶೇ 10ರಷ್ಟು ಪಂದ್ಯ ಹೋಗುತ್ತವೆ, 800ರವರೆಗೆ ಶೇ 20, ಅದಕ್ಕಿಂತ ಮೇಲೆ ಶೇ 30. ಹನ್ನೆರಡು ಪಂದ್ಯಗಳ ಫುಟ್‌ಬಾಲ್ ಋತುವಿನಲ್ಲಿ ಶೇ 30 ಎಂದರೆ ಹತ್ತಿರ ಹತ್ತಿರ ನಾಲ್ಕು ಪಂದ್ಯ. ಮೊತ್ತ 800ನ್ನು ಬಹಳ ಮೀರಿದ್ದರೆ ಶಾಶ್ವತ ಅನರ್ಹತೆಯನ್ನೂ ಪರಿಗಣಿಸಬಹುದು. ಸ್ವಂತ ಪಂದ್ಯದ ಮೇಲೆ ಕಟ್ಟಿದರೆ, ಫಲಿತಾಂಶಕ್ಕೆ ಕೈ ಹಾಕಿದರೆ, ಕಟ್ಟುವವರಿಗೆ ಮಾಹಿತಿ ಕೊಟ್ಟರೆ ಆ ಹುಡುಗನ ಕಾಲೇಜು ಆಟ ಅಲ್ಲಿಗೇ ಮುಗಿಯಬಹುದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಲೆಕ್ಕಕ್ಕೆ ಬರುವುದು ಕಟ್ಟಿದ ಒಟ್ಟು ಮೊತ್ತ, ಕಳೆದುಕೊಂಡದ್ದಲ್ಲ. ಖಾತೆಗೆ 50 ಡಾಲರ್ ಹಾಕಿ ಹತ್ತತ್ತರಂತೆ ಕಟ್ಟುತ್ತಾ ಹೋಗಿ. ಒಂದು ಗೆಲ್ಲುತ್ತೀರಿ, ಒಂದು ಸೋಲುತ್ತೀರಿ, ಗೆದ್ದದ್ದನ್ನು ಮತ್ತೆ ಕಟ್ಟುತ್ತೀರಿ. 81 ಸಲ ಒತ್ತುವಷ್ಟರಲ್ಲಿ ಮೊತ್ತ 810 ಡಾಲರ್, ಮೇಲಿನ ಮೆಟ್ಟಿಲು ದಾಟಿತು. ಜೇಬಿನಿಂದ ಹೋದದ್ದು ಆ 50 ಮಾತ್ರ. 'ಐವತ್ತು ಡಾಲರಿನ ಆಟ' ಎಂದು ಹುಡುಗ ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ, ಆ್ಯಪ್‌ನ ಚರಿತ್ರೆ ಪುಟ ಬೇರೆ ಅಂಕಿ ತೋರಿಸುತ್ತದೆ.

ಕಾನೂನು ಮತ್ತು ನಿಯಮ ಎಷ್ಟು ಬೇರೆ ಎಂಬುದಕ್ಕೆ ಐಯೋವಾದಲ್ಲೇ ಇನ್ನೊಬ್ಬ ಆಟಗಾರ ಸಿಗುತ್ತಾನೆ. ಐಯೋವಾ ಫುಟ್‌ಬಾಲ್ ತಂಡದ ಹಿರಿಯ ರಕ್ಷಣಾ ಆಟಗಾರ (ಡಿಫೆನ್ಸಿವ್ ಲೈನ್‌ಮನ್) ತನ್ನ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಗೆಲ್ಲುತ್ತದೆ ಎಂದು ಕಟ್ಟಿದ್ದ. ಅವನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲೇ ಇಲ್ಲ. ಆದರೂ 2023ರ ಋತು ಪೂರ್ತಿ ಹೋಯಿತು. ಸ್ವಂತ ವಿದ್ಯಾಲಯದ ಬೇರೆ ತಂಡದ ಮೇಲೆ ಕಟ್ಟಿದವರ ಶಿಕ್ಷೆಯನ್ನು ಎನ್‌ಸಿಎಎ ಆ ವರ್ಷದ ಕೊನೆಗೆ ಸಡಿಲಿಸಿತು, ಸಡಿಲಿಸಿದ ಮೇಲೂ ಅದು ಒಂದು ಇಡೀ ಋತುವಿನಿಂದ ಶುರುವಾಗುತ್ತದೆ. ತನ್ನ ಶಾಲೆಯ ಹುಡುಗಿಯರು ಗೆಲ್ಲಲಿ ಎಂಬ ಅಭಿಮಾನಕ್ಕೆ ಇಷ್ಟು ಬೆಲೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಆ ನಿಯಮದ ಕೆಳಗೆ ಸಹಿ ಹಾಕಿಯೇ ಪ್ರತಿ ಆಟಗಾರನೂ ಋತು ಶುರು ಮಾಡುತ್ತಾನೆ.

ಪೊಲೀಸರ ಕಡೆಯೂ ತಪ್ಪಿತ್ತು. ರಾಜ್ಯದ ಅಪರಾಧ ತನಿಖಾ ವಿಭಾಗದ ಅಧಿಕಾರಿಯೊಬ್ಬರು ಜಿಯೋಕಾಂಪ್ಲೈ ಎಂಬ ಸ್ಥಳಪತ್ತೆ ಕಂಪನಿಯ ತಂತ್ರಾಂಶ ಬಳಸಿ, ವಾರಂಟ್ ಇಲ್ಲದೆ, ಆಟಗಾರರ ಕಟ್ಟಡಗಳ ಸುತ್ತ ನಕ್ಷೆಯ ಮೇಲೆ ಬೇಲಿ ಎಳೆದು ಒಳಗೆ ಯಾವ ಫೋನ್ ಬೆಟ್ಟಿಂಗ್ ಮಾಡುತ್ತಿದೆ ಎಂದು ಹುಡುಕಿದ್ದರು. ಯಾರ ಮೇಲೂ ನಿರ್ದಿಷ್ಟ ಶಂಕೆ ಇಲ್ಲದೆ ಹಾಗೆ ಜಾಲಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ವಕೀಲರು ಹಿಡಿದರು. 2024ರ ಮಾರ್ಚ್ 1ರಂದು ಐಯೋವಾ ಸ್ಟೇಟ್‌ನ ನಾಲ್ವರ ಮೇಲಿನ ಮೊಕದ್ದಮೆ ವಜಾ ಆಯಿತು. ಮುಂದಿನ ತಿಂಗಳು ಎರಡೂ ವಿಶ್ವವಿದ್ಯಾಲಯಗಳ 26 ಮಂದಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಸೇರಿ ಹಲವರು ವಯಸ್ಸಾಗದ ಜೂಜಿನ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿದ್ದರು. ಮೊಕದ್ದಮೆ ವಜಾ ಆದವರಿಗೂ ಹೋದ ಋತು ವಾಪಸು ಬರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷ್ಯ ಬಿದ್ದುಹೋದರೆ ಎನ್‌ಸಿಎಎ ಕಡತದಲ್ಲೂ ಬಿದ್ದುಹೋಗುತ್ತದೆ ಎಂದು ಯಾರೂ ಭಾವಿಸಬಾರದು.

ಹಣ ಕಟ್ಟದೆಯೂ ಸಿಕ್ಕಿಬೀಳುವ ದಾರಿ ಮಾಹಿತಿಯದು. 2023ರ ಏಪ್ರಿಲ್ 28ರಂದು ಸಿನ್ಸಿನಾಟಿಯ ಬೇಸ್‌ಬಾಲ್ ಕ್ರೀಡಾಂಗಣದೊಳಗಿನ ಬೆಟ್ಟಿಂಗ್ ಕೌಂಟರಿಗೆ ಒಬ್ಬಾತ ಬಂದು, ಅಲಬಾಮಾ ಮತ್ತು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಕಾಲೇಜುಗಳ ಪಂದ್ಯದಲ್ಲಿ ಎಲ್‌ಎಸ್‌ಯು ಗೆಲ್ಲುತ್ತದೆ ಎಂದು ಒಂದು ಲಕ್ಷ ಡಾಲರ್ ಕಟ್ಟಬೇಕೆಂದ. ಕೌಂಟರಿನವರು 15,000ಕ್ಕೆ ನಿಲ್ಲಿಸಿದರು. ಕಾಲೇಜು ಬೇಸ್‌ಬಾಲಿಗೆ ಅಷ್ಟು ಹಣ ಬರುವುದೇ ಇಲ್ಲ. ಅಲಬಾಮಾ ಪರ ಆಟ ಶುರು ಮಾಡಬೇಕಿದ್ದ ಪಿಚರ್‌ಗೆ (ಚೆಂಡು ಎಸೆಯುವವನು) ಬೆನ್ನುನೋವು, ಅವನು ಇಳಿಯುವುದಿಲ್ಲ ಎಂಬ ಸುದ್ದಿ ಹೊರಗೆ ಬರುವ ಮೊದಲೇ ಆತನ ಫೋನಿಗೆ ಬಂದಿತ್ತು, ಕಳಿಸಿದವರು ಅಲಬಾಮಾ ತಂಡದ ತರಬೇತುದಾರರೇ. ಒಂದು ವಾರದೊಳಗೆ ಅವರ ಕೆಲಸ ಹೋಯಿತು, ಆಮೇಲೆ ಎನ್‌ಸಿಎಎ 15 ವರ್ಷದ ನಿರ್ಬಂಧ ಹೇರಿತು. ಹಣ ಕಟ್ಟಿದವನು ತನಿಖೆಗೆ ಅಡ್ಡಿಪಡಿಸಿದ ತಪ್ಪಿಗೆ ನಾಲ್ಕು ವರ್ಷ ಜೈಲು ಸೇರಿದ. ಆಟಗಾರನ ವಿಷಯದಲ್ಲಿ ಇದೇ ಸಂಗತಿ ಮೆತ್ತಗಿನ ಮಾತಿನಲ್ಲಿ ಬರುತ್ತದೆ. 'ನಿಮ್ಮ ಪಾಯಿಂಟ್ ಗಾರ್ಡ್‌ನ ಮಂಡಿ ಹೇಗಿದೆ?' ಎಂದು ಬ್ಯಾಸ್ಕೆಟ್‌ಬಾಲ್ ತಂಡದ ಆಟ ನಡೆಸುವವನ ಬಗ್ಗೆ ಪಕ್ಕದ ರೂಮಿನವನು ಕೇಳುತ್ತಾನೆ. ಉತ್ತರ ಕೊಟ್ಟ ಕ್ಷಣ ಅದು ಒಳಮಾಹಿತಿ.

ಇತ್ತೀಚಿನ ದೊಡ್ಡ ಅಪಾಯ ಪ್ರಾಪ್ ಬೆಟ್ಟು. ತಂಡ ಗೆಲ್ಲುತ್ತದೋ ಸೋಲುತ್ತದೋ ಎಂದಲ್ಲ, ಒಬ್ಬ ಆಟಗಾರ ಇಷ್ಟು ಪಾಯಿಂಟಿಗಿಂತ ಹೆಚ್ಚು ಗಳಿಸುತ್ತಾನೋ ಕಡಿಮೆಯೋ ಎಂದು ಕಟ್ಟುವುದು. ಹೆಚ್ಚು ಗಳಿಸುವುದು ಯಾರ ಕೈಯಲ್ಲೂ ಇಲ್ಲ, ಕಡಿಮೆ ಗಳಿಸುವುದು ಪೂರ್ತಿ ಆಟಗಾರನ ಕೈಯಲ್ಲೇ ಇದೆ. ಹಾಗಾಗಿ ಕೇಡು ಯಾವಾಗಲೂ 'ಕಡಿಮೆ' ಕಡೆಯಿಂದ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಸಿಎಎ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸ್ಟೇಟ್ ಮತ್ತು ಸ್ಯಾನ್ ಹೋಸೆ ಸ್ಟೇಟ್‌ನ ಮೂವರು ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಶಾಶ್ವತವಾಗಿ ಹೊರಗಿಟ್ಟಿತು. ಇಬ್ಬರು ಹಿಂದೆ ಒಂದೇ ರೂಮಿನಲ್ಲಿದ್ದವರು. ಒಬ್ಬ ಬೇಕೆಂದೇ ಕಡಿಮೆ ಆಡುವುದಾಗಿ ಮಾತಾಗಿ, 2,200 ಡಾಲರ್ ಕಟ್ಟಿ 15,950 ಪಡೆದಿದ್ದರು. ಮೂರನೆಯವನು ತನ್ನನ್ನೂ ಸೇರಿಸಿ ಕಟ್ಟಿದ್ದು 50 ಡಾಲರ್, ಬಂದದ್ದು 260. ಇನ್ನೂರು ಚಿಲ್ಲರೆ ಡಾಲರಿಗೆ ಕಾಲೇಜು ಆಟವೇ ಹೋಯಿತು. ಒಹಾಯೊ 2024ರ ಮಾರ್ಚ್‌ನಿಂದ ಕಾಲೇಜು ಆಟಗಾರರ ಮೇಲಿನ ಇಂಥ ಬೆಟ್ಟು ನಿಲ್ಲಿಸಿದೆ. ಎಲ್ಲ ರಾಜ್ಯಗಳೂ ಹಾಗೆ ಮಾಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮಲ್ಲಿ 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫಿಕ್ಸಿಂಗ್ ಪ್ರಕರಣ ನೆನಪಿರುವವರು ಒಂದು ವ್ಯತ್ಯಾಸ ಗಮನಿಸಬೇಕು. ಫಿಕ್ಸಿಂಗ್ ಐಪಿಸಿ 420ರ ವಂಚನೆಯಾಗುವುದಿಲ್ಲ, ಶಿಸ್ತುಕ್ರಮ ಬಿಸಿಸಿಐ ಕೆಲಸ ಎಂದು ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ಮೊಕದ್ದಮೆ ರದ್ದುಪಡಿಸಿತು. ಅಮೆರಿಕದಲ್ಲಿ 1964ರಿಂದಲೇ ಕ್ರೀಡಾ ಲಂಚದ ವಿರುದ್ಧ ಫೆಡರಲ್ ಕಾಯ್ದೆ ಇದೆ, ಐದು ವರ್ಷದವರೆಗೆ ಜೈಲು.

ಟೆನಿಸ್, ಗಾಲ್ಫ್, ಈಜು ಎಂದು ಬೆಂಗಳೂರಿನಿಂದ ಅಮೆರಿಕದ ಕಾಲೇಜಿಗೆ ಹೊರಡುವ ಮಕ್ಕಳ ತಂದೆತಾಯಿಗೆ ಹೇಳಬೇಕಾದ್ದು ಇಷ್ಟು. ಕ್ರಿಕೆಟ್ ಎನ್‌ಸಿಎಎ ಕ್ರೀಡೆಯಲ್ಲ, ಹಾಗಾಗಿ ಐಪಿಎಲ್ ಬೆಟ್ಟು ಆ ನಿಯಮದ ಅಕ್ಷರದೊಳಗೆ ಬರುವುದಿಲ್ಲ. ಆದರೆ ವಯಸ್ಸಿನ ಕಾನೂನು, ಖಾತೆಯ ಹೆಸರು, ವಿಶ್ವವಿದ್ಯಾಲಯದ ಸ್ವಂತ ನಿಯಮ ಮೂರೂ ಅನ್ವಯಿಸುತ್ತವೆ. ಅಣ್ಣನ ಖಾತೆಯಲ್ಲಿ ಆಡುವುದು, ತನ್ನ ಖಾತೆ ಗೆಳೆಯನಿಗೆ ಕೊಡುವುದು ಎರಡೂ ಬೇಡ. ಆಗಲೇ ಆಡಿದ್ದರೆ ಆ್ಯಪ್ ಅಳಿಸಿ ಪ್ರಯೋಜನವಿಲ್ಲ, ದಾಖಲೆ ಕಂಪನಿಯ ಬಳಿ ಇರುತ್ತದೆ. ಅಳಿಸಿದ್ದೇ ಇನ್ನೊಂದು ಪ್ರಶ್ನೆಯಾಗುತ್ತದೆ. ಕ್ರೀಡಾ ವಿಭಾಗದ ನಿಯಮಪಾಲನಾ ಕಚೇರಿಗೆ ತಾನಾಗಿ ಹೋಗಿ ಹೇಳುವ ಮುನ್ನ, ಪೊಲೀಸರಿಗೆ ಬಾಯಿ ಬಿಡುವ ಮುನ್ನವಂತೂ ಖಂಡಿತ, ವಕೀಲರೊಬ್ಬರೊಡನೆ ಮಾತಾಡಬೇಕು.

ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮಗುವಿಗೆ ಇದು ದುಪ್ಪಟ್ಟು ಮುಖ್ಯ. ಊರಿನ ಹುಡುಗನಿಗೆ ತಪ್ಪೊಪ್ಪಿಗೆ ಎಂದರೆ 645 ಡಾಲರ್ ಮತ್ತು ಒಂದು ಸಹಿ. ವಿದೇಶಿ ವಿದ್ಯಾರ್ಥಿಗೆ ಅದೇ ಸಹಿ ಮುಂದಿನ ವೀಸಾ ಅರ್ಜಿಯಲ್ಲಿ ಉತ್ತರಿಸಬೇಕಾದ ಪ್ರಶ್ನೆ. ಸ್ಕಾಲರ್‌ಶಿಪ್ ನಿಂತು ಶುಲ್ಕ ಕಟ್ಟಲಾಗದೆ ಪೂರ್ಣಾವಧಿ ದಾಖಲಾತಿ ತಪ್ಪಿದರೆ ವೀಸಾ ಸ್ಥಿತಿಯೇ ಅಲುಗಾಡುತ್ತದೆ. ತಪ್ಪೊಪ್ಪಿಗೆಯಿಂದ ಗಡೀಪಾರು ಆಗುವ ಅಪಾಯವಿದ್ದರೆ ವಲಸಿಗನಿಗೆ ಅದನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಪಡಿಯಾ ತೀರ್ಪಿನಲ್ಲಿ ಹೇಳಿದೆ. ಮೊದಲ ಭೇಟಿಯಲ್ಲೇ ವಕೀಲರಿಗೆ ವೀಸಾ ಯಾವುದು ಎಂದು ಹೇಳಿ, ವಲಸೆ ಕಾನೂನು ಬಲ್ಲ ಇನ್ನೊಬ್ಬರ ಅಭಿಪ್ರಾಯವನ್ನು ಬರಹದಲ್ಲಿ ತರಿಸಿಕೊಳ್ಳಿ. ಅದು ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಬೇಡ.